ಕೇಳಿದ ಅಪ್ಪ

ರಿಮೇಕ್ ಸಿನಿಮಾಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ ಎಂದರೆ ಸುರಪುರದಲ್ಲಿ ಬರುವ ಮೊದಲ ಪ್ರಶ್ನೆ, “ಅದಕ್ಕೂ ಡಾಕ್ಟರ್ ಪದವಿ ಕೊಡ್ತಾರೇನವಾ?” ಎರಡನೆಯದು, “ಮದಿವಿ ಯಾವಾಗ?” ಮೊದಲನೆಯದಕ್ಕೆ ಕಲಬುರಗಿಯ ಗ್ರಂಥಾಲಯದಲ್ಲಿ ಕೂತು ಇನ್ನೂ ಉತ್ತರ ಬರೆಯುತ್ತಿದ್ದೇನೆ. ಎರಡನೆಯದಕ್ಕೆ ಮೂರು ವರ್ಷದ ಹಿಂದೆ ಒಂದು ಬಸ್ ಪ್ರಯಾಣದಲ್ಲಿ ಉತ್ತರ ಕೊಟ್ಟಿದ್ದೆ. ಅದನ್ನು ಮತ್ತೆ ನೆನಪಿಸಿದ್ದು ಒಂದು ಚೀನೀ ಸಿನಿಮಾ.

2000ನೇ ಇಸವಿಯಲ್ಲಿ ಹಾಲಿವುಡ್ಡಿನಲ್ಲಿ ‘ವಾಟ್ ವಿಮೆನ್ ವಾಂಟ್’ ಬಂತು. 2011ರಲ್ಲಿ ಚೀನೀಯರು ಅದನ್ನು ರಿಮೇಕ್ ಮಾಡಿದರು. ಶಿಕಾಗೋ ಹೋಗಿ ಬೀಜಿಂಗ್ ಬಂತು, ಮೆಲ್ ಗಿಬ್ಸನ್ ಜಾಗಕ್ಕೆ ಆಂಡಿ ಲಾವ್, ಹೆಲೆನ್ ಹಂಟ್ ಜಾಗಕ್ಕೆ ಗಾಂಗ್ ಲೀ ಬಂದರು. ಜಾಹೀರಾತು ಕಂಪನಿಯ ಗತ್ತಿನ ಗಂಡಸಿಗೆ ಒಂದು ಅವಘಡದ ನಂತರ ಹೆಂಗಸರ ಮನಸ್ಸಿನ ಮಾತೆಲ್ಲ ಕೇಳಿಸತೊಡಗುತ್ತದೆ. ನಗುತ್ತ ನೋಡಿದೆ. ಮುಗಿದ ಮೇಲೆ ಕಸಿವಿಸಿಯಾಯಿತು. ಹೆಣ್ಣಿನ ಮನಸ್ಸು ತಿಳಿಯಲು ಇವನಿಗೆ ಪವಾಡವೇ ಬೇಕಾಯಿತೇ? ಒಂದು ಮಾತು ಕೇಳಬಹುದಿತ್ತಲ್ಲ?

ಕನ್ನಡದಲ್ಲಿ ಒಂದು ಸೊಗಸಿದೆ. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ.

ಹಾಲಿವುಡ್ಡಿನ ಇನ್ನೊಂದು ಪ್ರೇಮಹಾಸ್ಯ ನಮ್ಮ ಕನ್ನಡಕ್ಕೂ ಬಂದಿದೆ. ಅದು ಬಸ್ಸು ಬದಲಿಸುತ್ತ ಬಂದ ಕಥೆ. 1933ರಲ್ಲಿ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ ‘ನೈಟ್ ಬಸ್’ ಎಂಬ ಕಥೆ ಬರೆದ. ಮರುವರ್ಷ ಫ್ರಾಂಕ್ ಕಾಪ್ರಾ ಅದನ್ನು ‘ಇಟ್ ಹ್ಯಾಪನ್ಡ್ ಒನ್ ನೈಟ್’ ಎಂಬ ಸಿನಿಮಾ ಮಾಡಿದ, ಅದು ಐದು ಆಸ್ಕರ್ ಗೆದ್ದಿತು. 1956ರಲ್ಲಿ ರಾಜ್ ಕಪೂರ್, ನರ್ಗಿಸ್ ಅವರ ‘ಚೋರಿ ಚೋರಿ’, 1991ರಲ್ಲಿ ಮಹೇಶ್ ಭಟ್ಟರ ‘ದಿಲ್ ಹೈ ಕೆ ಮಾನ್ತಾ ನಹೀಂ’ ಬಂದವು. ಭಟ್ಟರ ನಾಯಕಿ ಮನೆ ಬಿಟ್ಟು ಹತ್ತುವುದು ಬೆಂಗಳೂರಿನ ಬಸ್ಸನ್ನೇ! ಆ ಕಥೆ ಕನ್ನಡಕ್ಕೆ ತಲುಪಿದ್ದು 2007ರಲ್ಲಿ, ‘ಮುಂಗಾರು ಮಳೆ’ಯ ಗಣೇಶ್ ಮತ್ತು ರೇಖಾ ನಟಿಸಿದ ‘ಹುಡುಗಾಟ’ವಾಗಿ. ಆಗ ನಾನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದೆ. ಅದರ ಹಾಡುಗಳು ನಮ್ಮ ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯಲ್ಲಿ ಇಡೀ ದಿನ ಕೂಗುತ್ತಿದ್ದವು.

ರಿಮೇಕ್ ಎಂದರೆ ನಮ್ಮಲ್ಲಿ ಮೂಗು ಮುರಿಯುವವರೇ ಹೆಚ್ಚು. ಸ್ವಂತ ಕಥೆಯ ಸಿನಿಮಾಕ್ಕೆ ‘ಸ್ವಮೇಕ್’ ಎಂಬ ಶಬ್ದವನ್ನೇ ಕಟ್ಟಿಕೊಂಡಿದ್ದೇವೆ. ಆದರೆ ಡಬ್ಬಿಂಗಿಗೆ ಕನ್ನಡದ ಬಾಗಿಲು ದಶಕಗಟ್ಟಲೆ ಮುಚ್ಚಿತ್ತು. ಆ ತಡೆ ತಪ್ಪೆಂದು ಭಾರತೀಯ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಅಲ್ಲಿಯವರೆಗೆ ಹೊರಗಿನ ಕಥೆ ಒಳಗೆ ಬರಬೇಕೆಂದರೆ ನಮ್ಮ ಬಟ್ಟೆ ತೊಟ್ಟು, ನಮ್ಮ ಮಾತು ಕಲಿತೇ ಬರಬೇಕಿತ್ತು.

ಕಾಪ್ರಾನ ಸಿನಿಮಾವನ್ನು ನಾನು ನೋಡಿದ್ದು ಸಂಶೋಧನೆಗೆ ಸೇರಿದ ಮೇಲೆ. ಅಪ್ಪನಿಗೆ ಬೇಡವಾದವನನ್ನು ಮದುವೆಯಾದ ಶ್ರೀಮಂತರ ಹುಡುಗಿ, ಅಪ್ಪನ ದೋಣಿಯಿಂದ ನೀರಿಗೆ ಹಾರಿ ರಾತ್ರಿ ಬಸ್ಸು ಹತ್ತುತ್ತಾಳೆ. ಪಕ್ಕದ ಸೀಟಿನ ಪತ್ರಕರ್ತನೊಡನೆ ಜಗಳ, ಆಮೇಲೆ ಪ್ರೀತಿ. ಒಂದೇ ಕೋಣೆಯಲ್ಲಿ ರಾತ್ರಿ ಕಳೆಯಬೇಕಾದಾಗ ನಡುವೆ ಹಗ್ಗ ಕಟ್ಟಿ ಕಂಬಳಿ ಹೊದಿಸುತ್ತಾರೆ. ಎಲ್ಲರೂ ಮೆಚ್ಚುವುದು ಆ ಕಂಬಳಿಯ ಗೋಡೆಯನ್ನು. ನನ್ನ ಕಣ್ಣು ನಿಂತದ್ದು ಅಪ್ಪನ ಮೇಲೆ. ಮೊದಲ ದೃಶ್ಯದಲ್ಲಿ ಮಗಳ ಕೆನ್ನೆಗೆ ಹೊಡೆದವನು ಅವನೇ. ಕೊನೆಗೆ ಮದುವೆಯ ದಿನ ಅವಳ ಮುಖ ಎತ್ತಿ ನೋಡಿ, ಏನಾಯಿತೆಂದು ಕೇಳುತ್ತಾನೆ. ಅವಳು ಅಳುತ್ತ ಹೇಳಿದ್ದನ್ನು ಪೂರ್ತಿ ಕೇಳುತ್ತಾನೆ. ಆಮೇಲೆ ಮದುವೆಯ ದಾರಿಯಲ್ಲಿ ನಡೆಸಿಕೊಂಡು ಹೋಗುತ್ತಲೇ, ಬೇಡವಾದರೆ ಓಡಿಹೋಗಲು ಕಾರು ನಿಲ್ಲಿಸಿದ್ದೇನೆ ಎಂದು ಪಿಸುಗುಡುತ್ತಾನೆ.

ನಮ್ಮಪ್ಪನ ಹತ್ತಿರ ಕಾರಿಲ್ಲ.

ಮೂರು ವರ್ಷದ ಹಿಂದೆ ಯಾದಗಿರಿಯ ಅತ್ತೆಯ ಮನೆಯಲ್ಲಿ ನನ್ನ ಮಾತುಕತೆ ನಡೆಯಿತು. ಅಪ್ಪನ ಒಬ್ಬಳೇ ತಂಗಿ, ಅವಳ ಒಬ್ಬನೇ ಮಗ. ಹುಡುಗ ಒಳ್ಳೆಯವನು, ಚಿಕ್ಕಂದಿನಿಂದ ಕೂಡಿ ಆಡಿದವನು. ಅವನನ್ನು ಗಂಡನೆಂದು ನೆನೆಯಲು ಮಾತ್ರ ನನಗೆ ಆಗುತ್ತಿರಲಿಲ್ಲ. ಸಕ್ಕರೆ ಹಂಚಿದರು, ನಾನು ತಲೆ ತಗ್ಗಿಸಿ ಕೂತೆ. ತಲೆ ತಗ್ಗಿಸಿದರೆ ಒಪ್ಪಿದಂತೆ ಎಂದು ಎಲ್ಲರೂ ತಿಳಿದರು.

ಸಂಜೆ ನಾನು, ಅಪ್ಪ ಬಸ್ಸು ಹತ್ತಿದೆವು. ಭೀಮಾ ಸೇತುವೆ ದಾಟಿತು. ಶಹಾಪುರದ ಗುಡ್ಡ, ಬುದ್ಧ ಮಲಗಿದಂತೆ ಕಾಣುವ ಆ ಗುಡ್ಡ, ಕತ್ತಲೆಯಲ್ಲಿ ಕರಗುತ್ತಿತ್ತು. ಅಪ್ಪ ಒಮ್ಮೆಲೆ ಕೇಳಿದ, “ನಿನಗ ಮನಸಿಗಿ ಬಂದದೇನು?” ನಾನು “ಹೂಂ” ಅಂದೆ. ಅವನು ಮತ್ತೇನೂ ಮಾತಾಡಲಿಲ್ಲ.

ಸುರಪುರದಲ್ಲಿ ಇಳಿದು ಚಹಾ ಕುಡಿಯಲು ನಿಂತೆವು. ಕಪ್ಪು ಕೈಗೆ ಕೊಟ್ಟು ಅಪ್ಪ ಮತ್ತೆ ಕೇಳಿದ: “ಬಸ್ಸಿನ್ಯಾಗ ಮಂದಿ ಇದ್ರು. ಈಗ ಹೇಳು.”

ಹೇಳಿದೆ. ಚಹಾ ಆರಿಹೋಗುವವರೆಗೂ ಕೇಳಿದ. ಮರುದಿನ ಮೊದಲ ಬಸ್ಸಿಗೆ ಒಬ್ಬನೇ ಯಾದಗಿರಿಗೆ ಹೋಗಿಬಂದ. ಅಲ್ಲಿ ಏನು ನಡೆಯಿತೆಂದು ಇಂದಿಗೂ ನನಗೆ ಹೇಳಿಲ್ಲ.

ಸಿನಿಮಾ ಮಗಳು ಓಡಿಹೋದ ಮೇಲೆ ಬೇಗನೆ ಮುಗಿಯುತ್ತದೆ. ಆ ಅಪ್ಪ ಆಮೇಲಿನ ದಿನಗಳಲ್ಲಿ ಬಂಧುಗಳಿಗೆ ಹೇಗೆ ಮುಖ ತೋರಿಸಿದ ಎಂಬುದನ್ನು ಕಾಪ್ರಾ ತೋರಿಸುವುದಿಲ್ಲ. ನಾನು ನೋಡಿದೆ. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಆ ವರ್ಷ ಅಪ್ಪ ಕರೆಯಲು ಹೋದ, ಅತ್ತೆ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಅವ್ವ ಜೋಕಾಲಿ ಕಟ್ಟಿಸಿದಳು, ಅದು ಖಾಲಿಯೇ ತೂಗಿತು. ನನ್ನ ಒಂದು ‘ಬೇಡ’ದ ಬೆಲೆಯನ್ನು ಅಪ್ಪ ತನ್ನ ತಂಗಿಯಿಂದ ತೆರುತ್ತಿದ್ದ. ನಾನು ಕಲಬುರಗಿಯಲ್ಲಿ ಕೂತು ರಿಮೇಕಿನಲ್ಲಿ ಏನು ಉಳಿಯುತ್ತದೆ, ಏನು ಬದಲಾಗುತ್ತದೆ ಎಂದು ಪಟ್ಟಿ ಮಾಡುತ್ತಿದ್ದೆ.

ಈ ವರ್ಷ ಪಂಚಮಿಗೆ ಅಪ್ಪನ ಜೊತೆ ನಾನೂ ಹೊರಟೆ. ತೊಡೆಯ ಮೇಲೆ ಶೇಂಗಾ ಉಂಡಿ, ಎಳ್ಳುಂಡಿಯ ಡಬ್ಬಿ. ಶಹಾಪುರ ದಾಟುವಾಗ ಈ ಸಲ ನಾನೇ ಕೇಳಿದೆ, “ಅಪ್ಪಾ, ಅವತ್ತು ನನ್ನ ಯಾಕ ಕೇಳಿದಿ ಅಂತ ನಿನಗ ಅನಿಸ್ಯದೇನು?”

ಅಪ್ಪ ಕಿಟಕಿಯ ಹೊರಗೆ ನೋಡುತ್ತ ಹೇಳಿದ: “ನಿಮ್ಮತ್ತಿ ಮದಿವ್ಯಾಗ ಯಾರೂ ಕೇಳಿದ್ದಿಲ್ಲ. ನಾನೂ ಕೇಳಿದ್ದಿಲ್ಲ.”

ಬಾಗಿಲು ತೆರೆದವಳು ಅತ್ತೆಯೇ. ಬಾ ಅನ್ನಲಿಲ್ಲ. ಡಬ್ಬಿಯನ್ನು ಮಾತ್ರ ಕೈಯಿಂದ ಇಸಿದುಕೊಂಡಳು.