ಐದು ಮನೆಯ ಭಿಕ್ಷೆ, ಕಾಲು ರೊಟ್ಟಿಯ ಊಟ

ಗಾಣಗಾಪುರದಲ್ಲಿ ನಡುಮಧ್ಯಾಹ್ನ ಬೇಡುವವರು ಯಾರು, ನೀಡುವವರು ಯಾರು ಎಂದು ಗುರುತು ಹಿಡಿಯುವುದೇ ಕಷ್ಟ. ಆ ಹೊತ್ತಿಗೆ ದತ್ತಾತ್ರೇಯ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆ. ಹಾಗಾಗಿ ಕಾರಿನಲ್ಲಿ ಬಂದಿಳಿದ ಸಾಹುಕಾರನೂ ಜೋಳಿಗೆ ಹಿಡಿದು ಐದು ಮನೆ ಮಧುಕರಿ ಬೇಡುತ್ತಾನೆ. ಬೇಡಿ ಬಂದವನೇ ಇನ್ನೊಬ್ಬರ ಎಲೆಗೆ ಬಡಿಸುತ್ತಾನೆ. ಭೀಮಾ-ಅಮರಜಾ ಸಂಗಮದಲ್ಲಿ ಮಿಂದು, ಕಿಂಡಿಗೆ ಕಣ್ಣಿಟ್ಟು ನಿರ್ಗುಣ ಪಾದುಕೆ ಕಂಡು ನಾವೂ ಬೀದಿಗಿಳಿದೆವು: ನಾನು, ಸೋದರಮಾವ, ದೊಡ್ಡಪ್ಪನ ಮಗ ಅಣ್ಣ.

ಜೋಳದ ರೊಟ್ಟಿ, ಬ್ಯಾಳಿ, ಅನ್ನ, ಒಂದಿಷ್ಟು ಶಿರಾ ಸಿಕ್ಕಿತು. ಉಣ್ಣುವ ಮೊದಲು ಮಾವ ಅಂಗಿ ಎತ್ತಿ ಇನ್ಸುಲಿನ್ ಚುಚ್ಚಿಕೊಂಡರು. ಅಣ್ಣ ಕಾಲು ರೊಟ್ಟಿಯನ್ನು ಅಗಿದು ಅಗಿದು ನುಂಗಿ ಸುಮ್ಮನೆ ಕುಳಿತ.

"ಇನ್ನೊಂದೀಟು ಹಾಕ್ಲೇನೋ ಯಪ್ಪಾ?" ಎಂದಳು ಬಡಿಸುತ್ತಿದ್ದ ಮುದುಕಿ.

"ಬ್ಯಾಡ ಆಯಿ, ಡಾಕ್ಟರ್ ಹೊಟ್ಟೀನೇ ಸಣ್ಣದು ಮಾಡ್ಯಾರ."

ಅವನದು ಬೈಪಾಸ್, ಎದೆಯದಲ್ಲ, ಜಠರದ್ದು. ಜಠರದ ಮೇಲ್ತುದಿಯನ್ನು ಪುಟ್ಟ ಚೀಲದಷ್ಟು ಬೇರ್ಪಡಿಸಿ, ಸಣ್ಣ ಕರುಳನ್ನು ಕೆಳಗಿನಿಂದ ತಂದು ಅದಕ್ಕೆ ಹೊಲಿಯುತ್ತಾರೆ. ಉಂಡದ್ದು ಜಠರದ ಬಹುಭಾಗವನ್ನೂ ಕರುಳಿನ ಮೊದಲ ತಿರುವನ್ನೂ ಮುಟ್ಟದೆ ನೇರ ಮುಂದಕ್ಕೆ ಹೋಗುತ್ತದೆ. ತೂಕ ಇಳಿಯಲಿ ಎಂದು ಹುಟ್ಟಿದ ಶಸ್ತ್ರಚಿಕಿತ್ಸೆ ಇದು. ಆದರೆ ತೂಕ ಇಳಿಯುವುದಕ್ಕೆ ಮೊದಲೇ, ಕೆಲವೇ ದಿನಗಳಲ್ಲಿ, ಅಣ್ಣನ ಶುಗರ್ ಇಳಿಯಿತು! ನನಗಿನ್ನೂ ನಂಬಲಾಗದ ಸಂಗತಿ. ಅಮೆರಿಕದ ಸರ್ಜನ್ ವಾಲ್ಟರ್ ಪೋರೀಸ್ ಕೂಡ ಇದಕ್ಕೇ ಬೆರಗಾಗಿ, 1995ರ ತಮ್ಮ ಪ್ರಬಂಧದ ತಲೆಬರಹವನ್ನೇ 'ಯಾರು ಎಣಿಸಿದ್ದರು?' ಎಂಬರ್ಥದ ಪ್ರಶ್ನೆಯಾಗಿಸಿದರು. ಕರುಳಿನ ಕೆಳಭಾಗಕ್ಕೆ ಅನ್ನ ಬೇಗ ತಲುಪಿದಾಗ ಜಿಎಲ್‌ಪಿ-1 ಎಂಬ ಹಾರ್ಮೋನು ಉಕ್ಕಿ, ಇನ್ಸುಲಿನ್ ಸುರಿಸುವಂತೆ ಮೇದೋಜೀರಕವನ್ನು ಎಬ್ಬಿಸುತ್ತದೆ. ಊಟ ಕಡಿಮೆಯಾದ್ದರಿಂದ ಯಕೃತ್ತಿನ ಕೊಬ್ಬೂ ಕರಗುತ್ತದೆ. ಈಗ ಎಲ್ಲರ ಬಾಯಲ್ಲಿರುವ ವಾರಕ್ಕೊಂದು ಇಂಜೆಕ್ಷನ್‌ಗಳು ಅನುಕರಿಸುವುದೂ ಇದೇ ಹಾರ್ಮೋನನ್ನು.

"ಹಂಗಾದ್ರ ನಾನೂ ಕೊಯ್ಸಿಕೊಳ್ಳೋದೇ ಛಲೋ ಏನು?" ಮಾವ ಕೇಳಿದರು.

ಕ್ಲೀವ್‌ಲ್ಯಾಂಡ್‌ನಲ್ಲಿ 150 ಮಂದಿಯ ಮೇಲೆ ಈ ಪ್ರಶ್ನೆಯನ್ನೇ ಒರೆಗೆ ಹಚ್ಚಿದ್ದರು. 2017ರಲ್ಲಿ ಬಂದ ಐದು ವರ್ಷಗಳ ಲೆಕ್ಕದಲ್ಲಿ, ಬರೀ ಔಷಧಿಯಿಂದ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರುವ ಅಳತೆ) 6 ಅಥವಾ ಅದಕ್ಕಿಂತ ಕೆಳಗೆ ಇಳಿದವರು ನೂರಕ್ಕೆ 5. ಔಷಧಿಯ ಜೊತೆ ಬೈಪಾಸ್ ಆದವರಲ್ಲಿ 29, ಜಠರವನ್ನು ಉದ್ದಕ್ಕೆ ಕತ್ತರಿಸುವ ಸ್ಲೀವ್ ಆದವರಲ್ಲಿ 23. ಗೆದ್ದದ್ದು ಕತ್ತರಿಯೇ, ನಿಜ. ಆದರೆ ಆ ನೂರರಲ್ಲಿ 71 ಮಂದಿಗೆ ಬೈಪಾಸ್ ಆದಮೇಲೂ ಗುರಿ ಮುಟ್ಟಲಾಗಲಿಲ್ಲವಲ್ಲ! ರೋಮ್‌ನ ವೈದ್ಯರು ಹತ್ತು ವರ್ಷ ಬೆನ್ನುಹತ್ತಿ ನೋಡಿದಾಗ, ಮೊದಲಿಗೆ ಕಾಯಿಲೆಯಿಂದ ಬಿಡುಗಡೆಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಮರಳಿತ್ತು, ಹತೋಟಿಗೆ ಸಿಗುವಷ್ಟು ಸೌಮ್ಯವಾಗಿ. ನಮ್ಮ ಮಾವನಂಥ ಬಡಕಲು ಮೈಯವರಿಗಂತೂ ಇದನ್ನು ಹೇಳುವುದಿಲ್ಲ. ಏಷ್ಯಾದವರಲ್ಲಿ ಬಿಎಂಐ 27.5 ದಾಟಿ, ಔಷಧಿಗೂ ಸಕ್ಕರೆ ಬಗ್ಗದಿದ್ದರೆ ಯೋಚಿಸಬಹುದೆಂದು 2016ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಸಲಹೆ. ವರ್ಷಗಟ್ಟಲೆ ಇನ್ಸುಲಿನ್ ಮೇಲಿದ್ದವರಿಗೆ ಫಲವೂ ಕಡಿಮೆ. ಅಣ್ಣನೇನೂ ಗುಳಿಗೆಯಿಂದ ಪಾರಾಗಿಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಅವನ ಕಿಸೆಯಲ್ಲೇ ಇರುತ್ತವೆ, ಸಾಯುವವರೆಗೂ.

ಸಂಜೆ ಆಳಂದ ತಾಲೂಕಿನ ಕಡಗಂಚಿಯತ್ತ ಹೊರಟೆವು, ಗುರುಚರಿತ್ರೆಯ ಸಾಯಂದೇವನ ಊರಿಗೆ. ಹೊಟ್ಟೆಶೂಲೆ ತಾಳಲಾರದೆ ಗೋದಾವರಿಗೆ ಹಾರಲು ಬಂದ ಬ್ರಾಹ್ಮಣನಿಗೆ ದತ್ತನ ಅವತಾರವೆನ್ನುವ ಶ್ರೀ ನೃಸಿಂಹ ಸರಸ್ವತಿಯವರು ಕೊಟ್ಟ ಔಷಧಿ, ಸಾಯಂದೇವನ ಮನೆಯ ಭರ್ಜರಿ ಊಟ. ಉಂಡ, ನೋವು ಹೋಯಿತು. ಮಾವ ಈ ಕಥೆಯನ್ನು ಭಕ್ತಿಯಿಂದ ಹೇಳಿ ಮುಗಿಸಿದರು.

ಅಣ್ಣ ನಕ್ಕ. "ನಂಗ ಆ ಊಟ ಹಾಕಿದ್ರ, ಮೂರನೇ ತುತ್ತಿಗೇ ಬೆವತು, ತಲಿ ತಿರುಗಿ ಮಲಗ್ತಿದ್ದೆ ಮಾವ. ಸಿಹಿ ಅಂತೂ ಮುಟ್ಟಂಗೇ ಇಲ್ಲ."

"ಮತ್ತ ಆ ಶಿರಾ ಏನಾತು?"

"ನಾ ತಿಂದೀನಂತ ತಿಳ್ಕೊಂಡೀರಿ? ದತ್ತನ ನಾಯಿಗೆ ಹಾಕ್ದೆ."