ಮೀನು ಹೇಳುವ ಸಾಕ್ಷಿ

ಮೀನು ನೀರು ಕುಡಿಯುವುದನ್ನು ಕಂಡವರಾರು ಎಂಬ ಮಾತು ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಈ ಹೋಲಿಕೆ ಬರುತ್ತದೆ. ಅಲ್ಲಿ ಅದು ಬೊಕ್ಕಸದ ಹಣ ನುಂಗುವ ಅಧಿಕಾರಿಗಳನ್ನು ಕುರಿತದ್ದು. ಆದರೆ ಮೀನು ಎಂತಹ ನೀರಿನಲ್ಲಿ ಬಾಳಿತೆಂಬುದನ್ನು ಇಂದು ಅದರ ಮೆದುಳು, ಯಕೃತ್ತು, ರಕ್ತಗಳಿಂದಲೇ ತಿಳಿಯಬಹುದಾಗಿದೆ. ಈ ವಿದ್ಯೆ ನಮ್ಮ ಬೆಸಗರಹಳ್ಳಿಯ ಸೀಮೆಗೂ ಬೇಕೆಂದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹೇಳುವ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಿಮಗೆ ನೆನಪಿರಬಹುದು, ನಾಲೆ, ಕೆರೆ, ಬಾವಿಗಳ ನೀರನ್ನು ಶಾಯಿಸೀಸೆಗಳಲ್ಲಿ ತಂದು ಲಿಟ್ಮಸ್ ಕಾಗದ ಅದ್ದಿ ನೋಡುತ್ತಿದ್ದೆವು. ಆಮ್ಲವೋ ಪ್ರತ್ಯಾಮ್ಲವೋ ಎಂಬುದಕ್ಕಿಂತ ಹೆಚ್ಚಿನದನ್ನು ಆ ಕಾಗದ ಹೇಳಲಾರದು. ದೊಡ್ಡ ಪ್ರಯೋಗಾಲಯದ ಪರೀಕ್ಷೆಗೂ ಒಂದು ಮಿತಿಯುಂಟು: ಸೀಸೆಯ ನೀರು ಅದನ್ನು ತುಂಬಿಸಿದ ಗಳಿಗೆಗೆ ಮಾತ್ರ ಸಾಕ್ಷಿ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಕೆರೆಯೊಂದರಲ್ಲಿ ಬೆಳಗಾಗುವುದರೊಳಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ನೀರಿನ ಮಾದರಿ ಒಯ್ಯಲು ಬಂದವರು ನಾಲ್ಕು ದಿನ ತಡವಾಗಿ ಬಂದರು. ನಡುವೆ ಮಳೆಯೂ ಬಿದ್ದಿತ್ತು. ನೀರು ಮಿತಿಯೊಳಗಿದೆ ಎಂಬ ವರದಿ ಬಂದಿತು. ಸಾಲ ಮಾಡಿ ಮರಿ ಬಿಟ್ಟಿದ್ದ ಬಡವನಿಗೆ ಪರಿಹಾರವೂ ಇಲ್ಲ, ಕಾರಣವೂ ತಿಳಿಯಲಿಲ್ಲ. ಸತ್ತ ಮೀನುಗಳನ್ನು ಗುಂಡಿ ತೋಡಿ ಹೂಳಲಾಯಿತು. ನಿಜವಾದ ಸಾಕ್ಷಿ ಆ ಗುಂಡಿಗೆ ಸೇರಿತ್ತೇನೋ ಎಂದು ನನಗೆ ಈಗ ಅನ್ನಿಸುತ್ತದೆ.

ವಿಜ್ಞಾನಿಗಳು ಜೈವಿಕ ಸೂಚಕಗಳೆಂದು ಕರೆಯುವುದು ಇಂತಹ ಒಡಲಿನ ಸಾಕ್ಷಿಗಳನ್ನು. ಗದ್ದೆಗೆ ಸಿಂಪಡಿಸುವ ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ನೀರಿಗಿಳಿದರೆ, ಮೀನಿನ ಮೆದುಳಿನಲ್ಲಿ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ ಚಟುವಟಿಕೆ ಕುಗ್ಗುತ್ತದೆ. ನರದಿಂದ ನರಕ್ಕೆ ಸಂದೇಶ ಮುಟ್ಟಿದ ಮೇಲೆ ಅದನ್ನು ಅಳಿಸುವುದು ಈ ಕಿಣ್ವದ ಕೆಲಸ. ವಿಷ ನೀರಿನಲ್ಲಿ ಕರಗಿಹೋದ ಮೇಲೂ ಈ ಕುಗ್ಗುವಿಕೆ ಹಲವು ದಿನ ಉಳಿಯಬಲ್ಲದು. ಕ್ಯಾಡ್ಮಿಯಂ, ತಾಮ್ರದಂತಹ ಲೋಹಗಳು ಮಿತಿಮೀರಿದರೆ ಅವನ್ನು ಹಿಡಿದಿಡುವ ಮೆಟಲೋಥಯೊನೀನ್ ಎಂಬ ಪ್ರೋಟೀನು ಯಕೃತ್ತಿನಲ್ಲಿ ಹೆಚ್ಚುತ್ತದೆ. ಇನ್ನು ರಕ್ತ: ನಮ್ಮ ಕೆಂಪು ರಕ್ತಕಣಗಳಿಗೆ ಕೋಶಕೇಂದ್ರವಿಲ್ಲ, ಮೀನಿನವಕ್ಕೆ ಇದೆ. ವಂಶವಾಹಿಗೆ ಪೆಟ್ಟು ಬಿದ್ದಾಗ ಆ ಕೇಂದ್ರದ ಪಕ್ಕದಲ್ಲಿ ಪುಟ್ಟ ಚುಕ್ಕೆಯಂತಹ ಉಪಕೇಂದ್ರ ಕಾಣಿಸಿಕೊಳ್ಳುತ್ತದೆ. ಇದನ್ನು ನೋಡಲು ಒಂದು ತೊಟ್ಟು ರಕ್ತ, ಗಾಜಿನ ಪಟ್ಟಿ, ಬಣ್ಣ ಮತ್ತು ಕಾಲೇಜಿನಲ್ಲಿರುವಂತಹ ಒಳ್ಳೆಯ ಸೂಕ್ಷ್ಮದರ್ಶಕ ಸಾಕು.

ಇದು ದೂರದೇಶದ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಪೇಂದ್ರ ನೊಂಗ್ತೊಂಬ ಅವರ ತಂಡ ನಮ್ಮ ಕನ್ನಂಬಾಡಿ ಕಟ್ಟೆಯ ನೀರನ್ನೇ ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿತು. ವೇಗವಾಗಿ ಹರಿಯುವ, ನಿಧಾನವಾಗಿ ಹರಿಯುವ, ನಿಂತ ನೀರಿನ ಮಾದರಿಗಳನ್ನು ತಂದು, ಜೀಬ್ರಾ ಮೀನು ಎಂಬ ಪಟ್ಟೆಪಟ್ಟೆಯ ಪುಟ್ಟ ಮೀನಿನ ಭ್ರೂಣಗಳನ್ನು ಅವುಗಳಲ್ಲಿ ಬೆಳೆಸಿದರು. ನಿಧಾನದ ಹಾಗೂ ನಿಂತ ನೀರಿನಲ್ಲಿದ್ದವುಗಳಲ್ಲಿ ಮೂಳೆಗಳ ವಿಕಾರ, ಹೃದಯದ ಹಾನಿ, ಡಿಎನ್‌ಎ ಹಾನಿ ಕಂಡವು. ಸೂಕ್ಷ್ಮಜೀವಿಗಳನ್ನು ಸೋಸಿದ ಮೇಲೂ ಹಾನಿ ತಪ್ಪಲಿಲ್ಲ. ಸಂಶಯ ಮೈಕ್ರೋಪ್ಲಾಸ್ಟಿಕ್ ಮೊದಲಾದವುಗಳ ಕಡೆ ತಿರುಗಿತು. ಇದನ್ನೋದಿ ಯಾರೂ ಮೀನಿಗಾದದ್ದೇ ತಮಗೂ ಆಯಿತೆಂದು ಹೆದರಬೇಕಾಗಿಲ್ಲ. ಆದರೆ ಎಚ್ಚರಿಕೆಯನ್ನು ಅಲಕ್ಷಿಸುವುದೂ ತರವಲ್ಲ.

ಮೀನಿನ ಸಾಕ್ಷಿಗೂ ಪಾಟೀಸವಾಲು ಬೇಕು. ಋತು, ನೀರಿನ ಬಿಸಿ, ಮೀನಿನ ವಯಸ್ಸು ಇವುಗಳಿಂದಲೂ ಸೂಚಕಗಳು ಏರುಪೇರಾಗುತ್ತವೆ. ಆದ್ದರಿಂದ ಶುದ್ಧ ನೀರಿನ ಅದೇ ಜಾತಿಯ ಮೀನಿನೊಡನೆ ಹೋಲಿಸಿಯೇ ತೀರ್ಮಾನಿಸಬೇಕು. ಮೀನು ಚೆನ್ನಾಗಿರುವ ದಿನಗಳಲ್ಲಿಯೇ ಆ ಲೆಕ್ಕ ಬರೆದಿಡದಿದ್ದರೆ, ಕೆಟ್ಟ ದಿನ ಬಂದಾಗ ಹೋಲಿಸಲು ಏನೂ ಇರುವುದಿಲ್ಲ.

ನಿಮ್ಮಲ್ಲಿ ಕೆಲವರು ಈಗ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಬೋಧಿಸುತ್ತಿದ್ದೀರಿ, ಕೆಲವರು ಪಂಚಾಯಿತಿಯಲ್ಲಿದ್ದೀರಿ, ಬಹಳ ಮಂದಿ ಭತ್ತ, ಕಬ್ಬು ಬೆಳೆಯುತ್ತಿದ್ದೀರಿ. ಮೊದಲಿನವರು ವರ್ಷಕ್ಕೆರಡು ಬಾರಿಯಾದರೂ ನಮ್ಮ ಕೆರೆಗಳ ಮತ್ತು ಶಿಂಷೆಯ ಮೀನಿನ ರಕ್ತವನ್ನು ಮಕ್ಕಳಿಂದ ಪರೀಕ್ಷೆ ಮಾಡಿಸಿರಿ. ಎರಡನೆಯವರು ಮೀನು ಸತ್ತ ದಿನವೇ ನೀರಿನೊಡನೆ ಮೀನನ್ನೂ ಮಂಜುಗಡ್ಡೆಯಲ್ಲಿಟ್ಟು ಪರೀಕ್ಷೆಗೆ ಕಳುಹಿಸಿರಿ. ಉಳಿದವರು ಔಷಧಿಯ ಡಬ್ಬವನ್ನು ನಾಲೆಯಲ್ಲಿ ತೊಳೆಯದಿರಿ. ಶಿಂಷೆ ನಮ್ಮಲ್ಲಿಗೇ ಮುಗಿಯುವುದಿಲ್ಲ, ಮುಂದೆ ಕಾವೇರಿಯನ್ನು ಸೇರುತ್ತದೆ. ನಾವು ಬಿಟ್ಟ ನೀರನ್ನು ಕೆಳಗಿನವರು ಕುಡಿಯುತ್ತಾರೆ.