ಎರೆ ನೆಲದ ಕೆಸರೂ ಹೂತ ಗಾಲಿಯೂ



ಕೂಡ್ಲಿಗಿಯ ಮಸಾರಿ ನೆಲದಲ್ಲಿ ಬೆಳೆದವರಿಗೆ ಎರೆ ಭೂಮಿಯ ಕೆಸರು ಎಂಥದೆಂದು ಮಾತಿನಲ್ಲಿ ತಿಳಿಸುವುದು ಕಷ್ಟ. ಮಸಾರಿಯಲ್ಲಿ ಮಳೆ ನಿಂತ ಮರುದಿನವೇ ಬಂಡಿ ಹೂಡಬಹುದು. ಹಡಗಲಿ, ಹರಪನಹಳ್ಳಿ ಕಡೆಯ ಎರೆಯಲ್ಲಿ ಹಾಗಲ್ಲ. ಆ ಮಣ್ಣಿನ ಅತಿಸೂಕ್ಷ್ಮ ಜೇಡಿಕಣಗಳು ಪದರ ಪದರವಾಗಿದ್ದು, ನೀರು ಆ ಪದರಗಳ ನಡುವೆ ಹೊಕ್ಕು ಮಣ್ಣನ್ನು ಉಬ್ಬಿಸುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ನೆಲವೇ ಅಕ್ಟೋಬರಿನ ಚಿತ್ತೆ ಮಳೆಗೆ ಬೆಣ್ಣೆಯಂತಾಗುತ್ತದೆ. ಕಾಲೆತ್ತಿದರೆ ಕಾಲು ಮಾತ್ರ ಬರುತ್ತದೆ, ಚಪ್ಪಲಿ ಅಲ್ಲಿಯೇ ಉಳಿಯುತ್ತದೆ.

1970ರ ದಶಕದ ಕೊನೆಯಲ್ಲಿ ನಮ್ಮ ಅಜ್ಜನ ಬಂಡಿ ಇಂಥ ನೆಲದಲ್ಲಿ ಹೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹನ್ನೆರಡು ಚೀಲ ಶೇಂಗಾ ಹೇರಿಕೊಂಡು ಕೊಟ್ಟೂರಿನ ಪೇಟೆಗೆ ಹೊರಟಿದ್ದೆವು. ಹಳ್ಳದ ದಂಡೆಯ ಎರೆಯಲ್ಲಿ ಬಲಗಾಲಿ ಗುಂಭದವರೆಗೆ ಇಳಿಯಿತು. ಚಿಕ್ಕಪ್ಪ ಬಾರುಕೋಲು ಎತ್ತಿದರು. ಅಜ್ಜ ತಡೆದು, “ಎತ್ತಿಗೆ ಹೊಡೀಬ್ಯಾಡಲೇ, ಮೊದಲು ಚೀಲ ಇಳಸು” ಎಂದರು. ಚೀಲಗಳನ್ನು ಒಂದೊಂದಾಗಿ ಹೊತ್ತು ಗಟ್ಟಿ ನೆಲಕ್ಕೆ ಸಾಗಿಸಿದೆವು. ಗಾಲಿಗೆ ಮೆತ್ತಿದ ಮಣ್ಣನ್ನು ಕೆರೆದು ತೆಗೆದೆವು. ಎರೆ ಮಣ್ಣು ಅಂಟಿದ ಗಾಲಿ ತಾನೇ ಒಂದು ಹೊರೆ. ಗಾಲಿಯ ಮುಂದಿನ ಮಣ್ಣನ್ನು ಇಳಿಜಾರಾಗಿ ತೋಡಿ, ಅಲ್ಲಿ ಜೋಳದ ಸೊಪ್ಪೆಯನ್ನೂ ಲಕ್ಕಿ ಗಿಡದ ಟೊಂಗೆಗಳನ್ನೂ ಅಡ್ಡಡ್ಡಲಾಗಿ ಹಾಸಿದೆವು. ಅನಂತರ ಇಬ್ಬರು ಗಾಲಿಯ ಮೇಲ್ಭಾಗವನ್ನು ಹಿಡಿದು ಮುಂದಕ್ಕೆ ನೂಕಿದರು. ಬಂಡಿ ಮೆಲ್ಲಗೆ ಎದ್ದು ಬಂತು. ಎರಡು ತಾಸು ಹಿಡಿದಿರಬೇಕು. ಪೇಟೆಯಲ್ಲಿ ಅಂದಿನ ಸವಾಲು ಮುಗಿದಿತ್ತೆಂದು ಚಿಕ್ಕಪ್ಪ ಬಹುದಿನ ಗೊಣಗುತ್ತಿದ್ದರು!

ಅಜ್ಜನಿಗೆ ಅಕ್ಷರ ಬಾರದು. ಆದರೆ ಅವರು ಮಾಡಿದ್ದೆಲ್ಲವೂ ನಾನು ಮುಂದೆ ನಿಮಗೆ ಕಲಿಸಿದ ‘ಒತ್ತಡ’ದ ಪಾಠವೇ. ಬಂಡಿಯೂ ಹೊರೆಯೂ ಸೇರಿ 800 ಕಿಲೋ ಎಂದಿಟ್ಟುಕೊಳ್ಳಿ. ಕಬ್ಬಿಣದ ಪಟ್ಟಿ ತೊಡಿಸಿದ ಎರಡು ಗಾಲಿಗಳು ನೆಲವನ್ನು ಮುಟ್ಟುವ ಜಾಗ ಒಟ್ಟು 80 ಚದರ ಸೆಂಟಿಮೀಟರ್ ಆದರೆ, ಪ್ರತಿ ಚದರ ಸೆಂಟಿಮೀಟರಿನ ಮೇಲೆ 10 ಕಿಲೋ ಭಾರ. ಸೊಪ್ಪೆ ಹಾಸಿದಾಗ ಅದೇ ಭಾರ ಹತ್ತು ಪಟ್ಟು ಜಾಗಕ್ಕೆ ಹರಡಿದರೆ ಒಂದೇ ಕಿಲೋ. ಗಾಲಿಯ ನೆತ್ತಿಯನ್ನು ನೂಕುವುದರಲ್ಲಿಯೂ ಅರ್ಥವಿದೆ: ಅಲ್ಲಿ ಹಾಕಿದ ಬಲ ಅಚ್ಚಿನ ಬಳಿ ಹಾಕಿದ್ದಕ್ಕಿಂತ ಇಮ್ಮಡಿ ಫಲ ಕೊಡುತ್ತದೆ. ಇಂಗ್ಲೆಂಡಿನಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುಮಾರ್ಗ ಕಟ್ಟುವಾಗ ಜಾರ್ಜ್ ಸ್ಟೀಫನ್‌ಸನ್ ಚಾಟ್ ಮಾಸ್ ಎಂಬ ಜೌಗುನೆಲದ ಮೇಲೆ ಕಡ್ಡಿಕೊಂಬೆಗಳ ತಡಿಕೆಗಳನ್ನು ಹಾಸಿಯೇ ಹಳಿ ಎಳೆದನು. 1830ರಲ್ಲಿ ಅದರ ಮೇಲೆ ರೈಲು ಓಡಿತು. ನಮ್ಮ ಅಜ್ಜ ಅವನ ಹೆಸರನ್ನು ಕೇಳಿದವರಲ್ಲ.

ಟೈರಿನ ಬಂಡಿ ಬಂದ ಮೇಲೆ ಹೂಳುವುದು ಕಡಿಮೆಯಾಯಿತು. ಟೈರು ನೆಲದ ಮೇಲೆ ಹಾಕುವ ಒತ್ತಡ ಅದರೊಳಗಿನ ಗಾಳಿಯ ಒತ್ತಡಕ್ಕೆ ಹೆಚ್ಚುಕಡಿಮೆ ಸಮ. ಕೆಸರಿನಲ್ಲಿ ಸ್ವಲ್ಪ ಗಾಳಿ ಇಳಿಸಿದರೆ ಪಾರಾಗುವ ಗುಟ್ಟು ಇದೇ.

ಟ್ರ್ಯಾಕ್ಟರ್ ಬಂದ ಮೇಲಿನ ಮಾತು ಬೇರೆ. ಇಂಜಿನ್ನಿಗೆ ದಣಿವೆಂಬುದಿಲ್ಲವಾದ್ದರಿಂದ ಹೊರೆ ಇಳಿಸುವ ಯೋಚನೆಯೇ ಯಾರಿಗೂ ಬರುವುದಿಲ್ಲ. ನನ್ನ ವಿದ್ಯಾರ್ಥಿಯೊಬ್ಬ, ಹೆಸರು ಬೇಡ, 2014ರ ನವೆಂಬರಿನಲ್ಲಿ ಹರಪನಹಳ್ಳಿ ಕಡೆ ಮೆಕ್ಕೆಜೋಳ ತುಂಬಿದ ಟ್ರೇಲರ್ ಸಮೇತ ಹೂತುಕೊಂಡ. ಎಕ್ಸಲೇಟರ್ ಒತ್ತಿದಷ್ಟೂ ಹಿಂದಿನ ಗಾಲಿಗಳು ತಮ್ಮ ಗುಂಡಿಯನ್ನು ತಾವೇ ತೋಡಿಕೊಂಡವು. ಕೊನೆಗೆ ಯಾರೋ ಹೇಳಿದರೆಂದು ಎರಡೂ ದೊಡ್ಡ ಗಾಲಿಗಳಿಗೆ ಅಡ್ಡಲಾಗಿ ಮರದ ದಿಮ್ಮಿ ಕಟ್ಟಿದ. ನಮ್ಮ ಕಡೆ ಇದು ಬಹಳ ಜನ ಮಾಡುವ ಉಪಾಯ, ಬಹಳ ಅಪಾಯದ ಉಪಾಯ. ದಿಮ್ಮಿ ಮಣ್ಣಿಗೆ ಸಿಕ್ಕಿ ಗಾಲಿ ತಿರುಗದಂತಾದರೆ ಇಂಜಿನ್ನಿನ ಬಲ ಎಲ್ಲಿಗೆ ಹೋಗಬೇಕು? ಗಾಲಿಯ ಬದಲು ಟ್ರ್ಯಾಕ್ಟರೇ ಹಿಂದಿನ ಅಚ್ಚಿನ ಸುತ್ತ ತಿರುಗುತ್ತದೆ. ಮೂತಿ ಆಕಾಶಕ್ಕೆ ಏಳುತ್ತದೆ. ಕ್ಲಚ್ ತುಳಿಯುವಷ್ಟು ವ್ಯವಧಾನವೂ ಇರುವುದಿಲ್ಲ. ಅವನು ಪಕ್ಕಕ್ಕೆ ಹಾರಿದ್ದರಿಂದ ಜೀವ ಉಳಿಯಿತು. ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಅವನ ತಾಯಿ ನನ್ನ ಕೈ ಹಿಡಿದು, “ಸಾರ್, ಕಾಳು ಹೋದ್ರ ಹೋಗಲಿ ಬಿಡ್ರಿ, ನನ್ನ ಮಗ ಉಳದನಲ್ಲ” ಎಂದಾಗ ನನಗೆ ಮಾತು ಹೊರಡಲಿಲ್ಲ.

ಆದ್ದರಿಂದ ಟ್ರ್ಯಾಕ್ಟರ್ ಇಟ್ಟುಕೊಂಡಿರುವ ನಿಮ್ಮಲ್ಲಿ ಅನೇಕರಿಗೆ ಹೇಳುತ್ತೇನೆ, ಮೇಷ್ಟ್ರ ಹಳೆಯ ಚಾಳಿ ಎಂದುಕೊಳ್ಳಿ. ಒಂದೇ ಗಾಲಿ ಸುಮ್ಮನೆ ತಿರುಗುತ್ತಿದ್ದರೆ ವೇಗ ತಗ್ಗಿಸಿ, ತಿರುವಿಲ್ಲದೆ ನೇರವಾಗಿರುವಾಗ ಡಿಫರೆನ್ಷಿಯಲ್ ಲಾಕ್ ಹಾಕಿ. ಟ್ರೇಲರನ್ನು ಬಿಚ್ಚಿ ಟ್ರ್ಯಾಕ್ಟರನ್ನು ಮೊದಲು ಹೊರತನ್ನಿ. ಸರಪಳಿ ಕಟ್ಟುವುದಾದರೆ ಕೆಳಗಿನ ಕೊಂಡಿಗೇ ಕಟ್ಟಿ, ಅಚ್ಚಿಗಿಂತ ಮೇಲೆ ಎಂದಿಗೂ ಬೇಡ. ಎಳೆಯುವಾಗ ಮಕ್ಕಳನ್ನು ಸುತ್ತಮುತ್ತ ನಿಲ್ಲಗೊಡಬೇಡಿ.

ಆ ಹುಡುಗ ಈಗಲೂ ಟ್ರ್ಯಾಕ್ಟರ್ ಓಡಿಸುತ್ತಾನೆ, ಸ್ವಲ್ಪ ಕುಂಟುತ್ತಾನೆ. ಕಳೆದ ಹಿಂಗಾರಿನಲ್ಲಿ ಹಗರಿಬೊಮ್ಮನಹಳ್ಳಿಯ ಬಳಿ ಸಿಕ್ಕಿದ್ದ. ಟ್ರೇಲರಿನ ಮೂಲೆಯಲ್ಲಿ ಎರಡು ಉದ್ದನೆಯ ಹಲಗೆ, ಒಂದು ಸಲಿಕೆ, ಒಂದಿಷ್ಟು ಖಾಲಿ ಗೋಣಿಚೀಲ. “ನಿಮ್ಮ ಅಜ್ಜನ ಸಾಮಾನು ಸಾರ್” ಎಂದು ನಕ್ಕ.